ಸೌದೆ ಒಟ್ಟಿಟ್ಟ ಹಾಗಿರುವ ದ್ವೀಪ

(ವಿಶ್ವ ಛಾಯಾಗ್ರಹಣ ದಿನದಂದು ಶಿವಮೊಗ್ಗದಲ್ಲಿ ಫೋಟೊಗ್ರಾಫರ್ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಅವತ್ತು ಪರದೆ ಮೇಲೆ ಚಿತ್ರ ತೋರಿಸುತ್ತಾ ಮಾತಾಡಿದ್ದೆ. ಚಿತ್ರವಿಲ್ಲದೆ ಓದುವವರಿಗೂ ತಿಳಿಯಲಿ ಅಂತ ಅಲ್ಲಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಆಗಸ್ಟ್ 19. 1839ರಲ್ಲಿ ಇದೇ ದಿನ ಪ್ಯಾರಿಸ್‌ನಲ್ಲಿ ಡಾಗೇರ್ ಅವರ ಫೋಟೊ ತೆಗೆಯುವ ವಿಧಾನವನ್ನು ಎಲ್ಲರ ಮುಂದೆ ಬಿಚ್ಚಿಟ್ಟರು. ಗುಟ್ಟು ಊರಿಗೆಲ್ಲ ಗೊತ್ತಾಯಿತು. ಹಾಗಾಗಿ ಇದು ನಮ್ಮೆಲ್ಲರ ಹಬ್ಬ. ಆದರೆ ನಾನು ಮಾತಾಡಲು ಹೊರಟಿರುವ ಜಾಗಕ್ಕೆ ಇವತ್ತು ಯಾರೂ ಹೋಗುವ ಹಾಗಿಲ್ಲ. ಉಡುಪಿ ಪಕ್ಕದ ಮಲ್ಪೆಯಿಂದ ಬೋಟು ಬಿಡುವುದಿಲ್ಲ. ಜೂನ್ ಬಂತು ಅಂದರೆ ಕಡಲು ಏಳುತ್ತದೆ, ದ್ವೀಪದ ದಾರಿ ಮುಚ್ಚುತ್ತದೆ. ಮತ್ತೆ ತೆರೆಯುವುದು ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್‌ಗೋ. ಕಡಲು ಹೇಗಿದೆ ಅಂತ ನೋಡಿಕೊಂಡೇ ಬಿಡುವುದು.

ನಾನು ಹೇಳುತ್ತಿರುವುದು ಸೇಂಟ್ ಮೇರೀಸ್ ದ್ವೀಪದ ಬಗ್ಗೆ. ಅಲ್ಲಿನ ಹಳಬರು ತೋನ್ಸೆಪಾರ್ ಅನ್ನುತ್ತಾರೆ. ನಿಮ್ಮಲ್ಲಿ ಮುಕ್ಕಾಲು ಪಾಲು ಜನ ಒಂದು ಸಲವಾದರೂ ಹೋಗಿರುತ್ತೀರಿ. ಪ್ರೀ ವೆಡ್ಡಿಂಗ್ ಶೂಟಿಗೆ ಹೋದವರೂ ಇದ್ದೀರಿ, ಗೊತ್ತು. ನಾನು 1979ರಿಂದ ಹೋಗುತ್ತಿದ್ದೇನೆ. ಲಡಾಖ್‌ಗೆ ಹೋಗಿಲ್ಲ, ಅಂಡಮಾನ್‌ಗೂ ಹೋಗಿಲ್ಲ. ರಜೆ ಸಿಕ್ಕಿದರೆ ಆಗುಂಬೆ ಘಾಟಿ ಇಳಿದು ಮಲ್ಪೆಗೆ ಹೋಗುತ್ತೇನೆ. ಅದು ಅರ್ಧ ಕಿಲೊಮೀಟರ್ ಉದ್ದ, ಸುಮಾರು ನೂರು ಮೀಟರ್ ಅಗಲದ ಜಾಗ. ಒಂದು ತುದಿಯಿಂದ ಇನ್ನೊಂದು ತುದಿಗೆ ಹತ್ತು ನಿಮಿಷ ಸಾಕು. ಅಂಥ ಜಾಗಕ್ಕೆ ಇಷ್ಟು ವರ್ಷ ಯಾಕೆ ಹೋದೆ ಅಂತ ಜನ ಕೇಳುತ್ತಾರೆ. ಇವತ್ತಿನ ಮಾತು ಅದರ ಬಗ್ಗೆಯೇ.

ಮೊದಲನೇ ಸಲ ಹೋದಾಗ ನನಗೆ ಹತ್ತು ವರ್ಷ. ನಮ್ಮಪ್ಪ ತೀರ್ಥಹಳ್ಳಿಯಲ್ಲಿ ಅಡಿಕೆ ಮಂಡಿಯ ಲೆಕ್ಕ ಬರೆಯುತ್ತಿದ್ದರು. ಬೇಸಿಗೆ ರಜೆಯಲ್ಲಿ ಎರಡು ದಿನ ಉಡುಪಿಗೆ ಕರೆದುಕೊಂಡು ಹೋಗುವುದು ಅಂತ ಆಯಿತು. ಮಠದ ಹತ್ತಿರ ಛತ್ರದಲ್ಲಿ ಉಳಿದೆವು. ಕೃಷ್ಣನ ದರ್ಶನ, ಮಧ್ಯಾಹ್ನ ಮಠದಲ್ಲೇ ಊಟ, ಮರುದಿನ ಮಲ್ಪೆ. ಹೊರಡುವಾಗ ಸೋದರಮಾವ ಒಂದು ಕ್ಯಾಮೆರಾ ಕೈಗೆ ಕೊಟ್ಟಿದ್ದರು. ಆಗ್ಫಾ ಕ್ಲಿಕ್ 3. ಈ ಸಭೆಯಲ್ಲಿ ಅದನ್ನು ಹಿಡಿದವರು ಇನ್ನೂ ಇಬ್ಬರು ಮೂವರಿದ್ದಾರೆ ಅಂದುಕೊಂಡಿದ್ದೇನೆ. ಒಂದು ರೋಲಿಗೆ ಹನ್ನೆರಡು ಚಿತ್ರ, ಅಷ್ಟೇ. "ಹನ್ನೆರಡೇ ಇರೋದು, ನೋಡ್ಕೊಂಡು ಒತ್ತು" ಅಂದಿದ್ದರು ಮಾವ.

ಮಲ್ಪೆಯಲ್ಲಿ ಬೋಟು ನೋಡಿದ ಕೂಡಲೇ ಅಮ್ಮ ನಿಂತುಬಿಟ್ಟರು. ಮಲೆನಾಡಿನವರು, ತುಂಗೆಯನ್ನು ದೋಣಿಯಲ್ಲಿ ದಾಟಿ ಅಭ್ಯಾಸ ಇದೆ. ಆದರೆ ಹೊಳೆಗೆ ಆಚೆ ದಡ ಕಾಣುತ್ತದೆ. "ಆಚೆ ದಡ ಇಲ್ಲದ ನೀರಿಗೆ ನಾನು ಬರಲ್ಲ" ಅಂದರು. ವಡಭಾಂಡೇಶ್ವರದ ಬಲರಾಮ ದೇವಸ್ಥಾನದ ಹತ್ತಿರ ತಂಗಿಯನ್ನು ಕೂರಿಸಿಕೊಂಡು ಕಾದರು. ಅಪ್ಪನೂ ನಾನೂ ಹೋದೆವು.

ದ್ವೀಪದ ಹತ್ತಿರ ಬಂದ ಮೇಲೆ ಮೊಣಕಾಲುದ್ದ ನೀರಿಗೆ ಇಳಿಯಬೇಕಿತ್ತು. ಬೋಟು ನಡೆಸುವ ತಾಂಡೇಲರು ನನ್ನನ್ನು ಕಂಕುಳಿಗೆ ಕೈ ಹಾಕಿ ಎತ್ತಿ ಇಳಿಸಿದರು. ಕ್ಯಾಮೆರಾ ತಲೆ ಮೇಲೆ ಹಿಡಿದುಕೊಂಡಿದ್ದೆ. ಕಾಲಿಗೆ ಸಿಕ್ಕಿದ್ದು ಮರಳಲ್ಲ, ಚಿಪ್ಪು. ಚುರುಚುರು ಅಂತ ಸದ್ದು. ಮುಂದೆ ಬಂಡೆ. ಬಂಡೆ ಅಂದರೆ ನಮ್ಮೂರಲ್ಲಿ ಇರುವ ಹಾಗೆ ಉರುಟಾಗಿಲ್ಲ. ಕೊಯ್ದು ನಿಲ್ಲಿಸಿದ ಹಾಗೆ, ಮೂಲೆ ಮೂಲೆ ಇರುವ ಕಂಬಗಳು. ಸಾವಿರಾರು. ನಾನು ಅಪ್ಪನನ್ನು ಕೇಳಿದೆ, "ಯಾರು ಕೆತ್ತಿದ್ದು?" ಅಪ್ಪನಿಗೂ ಗೊತ್ತಿರಲಿಲ್ಲ.

ಹನ್ನೆರಡರಲ್ಲಿ ಏಳು ಚಿತ್ರ ಬಂದಿತ್ತು. ನೆಗೆಟಿವ್ ಗಾತ್ರದ್ದೇ ಸಣ್ಣ ಚೌಕದ ಪ್ರಿಂಟು. ನೋಡಿ, ಇದು ಅದರಲ್ಲಿ ಒಂದು. ಅಪ್ಪ ಪಂಚೆ ಎತ್ತಿ ಕಟ್ಟಿ ಒಂದು ಕಂಬದ ಮೇಲೆ ನಿಂತಿದ್ದಾರೆ. ಕೈಯಲ್ಲಿ ಹಾರ್ಲಿಕ್ಸ್ ಬಾಟ್ಲಿ ಇದೆ, ಕಾಣುತ್ತದೆ ಅಲ್ವಾ? ಕುಡಿಯುವ ನೀರಿಗೆ ತಂದಿದ್ದು. ನೀರು ಖಾಲಿಯಾದ ಮೇಲೆ ಅದರ ತುಂಬ ಚಿಪ್ಪು ಆರಿಸಿ ತುಂಬಿದೆವು. ತಂಗಿಗೆ, ಅಮ್ಮನಿಗೆ ತೋರಿಸುವುದಕ್ಕೆ. ಆ ಬಾಟ್ಲಿ ಆಮೇಲೆ ಇಪ್ಪತ್ತೇಳು ವರ್ಷ ನಮ್ಮ ಮನೆಯ ಷೋಕೇಸಿನಲ್ಲಿತ್ತು. ಅದರ ಬಗ್ಗೆ ಕೊನೆಗೆ ಹೇಳುತ್ತೇನೆ.

"ಯಾರು ಕೆತ್ತಿದ್ದು" ಅನ್ನುವ ಪ್ರಶ್ನೆಗೆ ಉತ್ತರ ಸಿಗಲು ನನಗೆ ಬಹಳ ವರ್ಷ ಬೇಕಾಯಿತು. ಸ್ಟುಡಿಯೊಗೆ ಪಾಸ್‌ಪೋರ್ಟ್ ಫೋಟೊ ತೆಗೆಸಲು ಬಂದಿದ್ದ ಭೂಗೋಳದ ಮೇಷ್ಟ್ರೊಬ್ಬರು ಹೇಳಿಕೊಟ್ಟರು. ಅವರು ಹೇಳಿದ ಹಾಗೇ ಹೇಳುತ್ತೇನೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತಳದ ಕೆಸರು ಬಿರಿಯುವುದನ್ನು ನೋಡಿದ್ದೀರಲ್ಲ. ಐದು ಮೂಲೆ, ಆರು ಮೂಲೆಯ ಹೆಂಚುಗಳ ಹಾಗೆ ಬಿರಿಯುತ್ತದೆ. ನೀರು ಆರಿ ಕೆಸರು ಕುಗ್ಗುತ್ತದೆ, ಕುಗ್ಗಿದ್ದಕ್ಕೆ ಬಿರುಕು ಬಿಡುತ್ತದೆ. ಇಲ್ಲಿ ಕೆಸರಿನ ಬದಲು ಲಾವಾ. ಬಿಸಿ ಆರುತ್ತಾ ಅದು ಕುಗ್ಗುತ್ತದೆ. ಬಿರುಕು ಮೇಲ್ಮೈಯಲ್ಲಿ ಶುರುವಾಗಿ, ಒಳಗೆ ಆರಿದ ಹಾಗೆ ಒಳಗೆ ಇಳಿಯುತ್ತಾ ಹೋಗುತ್ತದೆ. ಕೆರೆಯಲ್ಲಿ ಬಿರುಕು ಗೇಣುದ್ದ ಇಳಿದರೆ ಲಾವಾದಲ್ಲಿ ಆಳುದ್ದ, ಎರಡಾಳುದ್ದ ಇಳಿಯುತ್ತದೆ. ಅದೇ ಕಂಬ. ಬಿರುಕು ಹೋಗುವುದು ತಣ್ಣಗಾಗುತ್ತಿರುವ ಮೈಗೆ ನೇರವಾಗಿ. ಅದಕ್ಕೇ ಕೆಲವು ಕಡೆ ಕಂಬ ನೆಟ್ಟಗೆ ನಿಂತಿದೆ, ಕೆಲವು ಕಡೆ ವಾಲಿದೆ.

ಇದಾಗಿದ್ದು ಇವತ್ತಿಗೆ ಸುಮಾರು 8.5ರಿಂದ 9 ಕೋಟಿ ವರ್ಷದ ಹಿಂದೆ. ಆಗ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿತ್ತು. ಎರಡೂ ಬೇರೆಯಾಗುವ ಹೊತ್ತಿಗೆ ಉಕ್ಕಿ ಬಂದ ಲಾವಾ ಇದು. ಅದೇ ಕಾಲದ ಲಾವಾ ಮಡಗಾಸ್ಕರ್‌ನಲ್ಲೂ ಇದೆ. ಈಗ ಎರಡರ ನಡುವೆ ಸುಮಾರು 4,000 ಕಿಲೊಮೀಟರ್ ನೀರು. ನನಗೆ ಇದು ಮನೆ ಪಾಲಾದಾಗ ಆಚೆ ಗೋಡೆ ಒಬ್ಬರಿಗೆ, ಈಚೆ ಗೋಡೆ ಒಬ್ಬರಿಗೆ ಹೋದ ಹಾಗೆ ಕಾಣುತ್ತದೆ. ಮಹಾರಾಷ್ಟ್ರದ ಕಡೆ ಡೆಕ್ಕನ್ ಲಾವಾ ಇದೆಯಲ್ಲ, ಅದು 6.6 ಕೋಟಿ ವರ್ಷದ್ದು. ಮಲ್ಪೆಯದು ಅದಕ್ಕಿಂತ ಹಿರಿದು. ಡೆಕ್ಕನ್ ಲಾವಾದ ಕಪ್ಪು ಕಲ್ಲಿಗೆ ಬಸಾಲ್ಟ್ ಅನ್ನುತ್ತಾರೆ, ನಾವು ಇದನ್ನೂ ಸುಮ್ನೆ ಬಸಾಲ್ಟ್ ಅಂತ ಕರೆದುಬಿಡುತ್ತೇವೆ. ಆದರೆ ಇದು ಬಸಾಲ್ಟ್‌ಗಿಂತ ಸಿಲಿಕಾ ಜಾಸ್ತಿ ಇರುವ ಬೇರೆ ಜಾತಿಯ ಕಲ್ಲು, ರಯೋಲೈಟ್ ಗುಂಪಿನದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಸಾರಿದ್ದಾರೆ. ಹೊರದೇಶದಲ್ಲಿ ಇಂಥದ್ದೇ ಅಂದರೆ ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ. ಅದಕ್ಕೆ 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ವಯಸ್ಸಿನಲ್ಲಿ ನಮ್ಮದೇ ದೊಡ್ಡದು.

ಹೆಸರಿನ ಕತೆಯನ್ನೂ ಹೇಳಿಬಿಡುತ್ತೇನೆ. 1498ರಲ್ಲಿ ವಾಸ್ಕೊ ಡ ಗಾಮಾ ಈ ದ್ವೀಪಕ್ಕೆ ಬಂದು ಸಂತ ಮೇರಿಯ ಹೆಸರಿನಲ್ಲಿ ಶಿಲುಬೆ ನೆಟ್ಟ ಅಂತ ಹೇಳುತ್ತಾರೆ. ಪೋರ್ಚುಗೀಸರು ಹೋದಲ್ಲೆಲ್ಲ ಗುರುತಿಗೆ ಹಾಗೆ ಶಿಲುಬೆ ಇರುವ ಕಲ್ಲಿನ ಕಂಬ ನೆಡುತ್ತಿದ್ದರು. ಕಂಬಗಳದ್ದೇ ದ್ವೀಪಕ್ಕೆ ಒಬ್ಬ ಇನ್ನೊಂದು ಕಂಬ ಹೊತ್ತು ತಂದ. ಹೆಸರು ಉಳಿಯಿತು. ಪಕ್ಕದಲ್ಲಿ ಇನ್ನೂ ದ್ವೀಪಗಳಿವೆ. ಒಂದಕ್ಕೆ ದರಿಯಾ ಬಹದ್ದೂರ್‌ಗಡ ಅಂತ ಹೆಸರು, ಬಿದನೂರಿನ ನಾಯಕರ ಕೋಟೆ ಇದ್ದ ಜಾಗ. ಬಿದನೂರು ಅಂದರೆ ನಮ್ಮ ನಗರ, ಹೊಸನಗರದ ಪಕ್ಕದ್ದು. ನಮ್ಮ ಮಲೆನಾಡಿನವರು ನನಗಿಂತ ಮೊದಲೇ ಆ ಕಡಲಿಗೆ ಹೋಗಿದ್ದರು ಅಂತ ತಿಳಿದಾಗ ನನಗೆ ಬಹಳ ಖುಷಿಯಾಗಿತ್ತು.

ಇನ್ನು ನಮ್ಮ ಕಸುಬಿನ ಮಾತಿಗೆ ಬರುತ್ತೇನೆ.

1986ರಲ್ಲಿ ನಾನು ಸ್ಟುಡಿಯೊಗೆ ಕೆಲಸಕ್ಕೆ ಸೇರಿದೆ. ಮೊದಲು ಡಾರ್ಕ್‌ರೂಮಿನಲ್ಲಿ ಟ್ರೇ ತೊಳೆಯುವುದು, ಆಮೇಲೆ ಮದುವೆಗೆ ಫ್ಲಾಶ್ ಹಿಡಿಯುವುದು. 1990ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಪೆಂಟಾಕ್ಸ್ ಕೆ 1000 ತೆಗೆದುಕೊಂಡೆ. ಅವತ್ತಿನಿಂದ ಮೇ ತಿಂಗಳ ರಜೆ ಮುಗಿಯಿತು. ಮೇ ಅಂದರೆ ಮದುವೆ. ನಮ್ಮಂಥವರಿಗೆ ರಜೆ ಯಾವಾಗ ಹೇಳಿ? ಮುಹೂರ್ತ ಇಲ್ಲದಾಗ. ಪಿತೃಪಕ್ಷದಲ್ಲಿ ಯಾರೂ ಮದುವೆ ಮಾಡಲ್ಲ, ಗೃಹಪ್ರವೇಶ ಮಾಡಲ್ಲ, ಸ್ಟುಡಿಯೊ ಖಾಲಿ ಹೊಡೆಯುತ್ತದೆ. ಆ ಹದಿನೈದು ದಿನ ಕಳೆಯುವ ಹೊತ್ತಿಗೆ ಮಲ್ಪೆಯಲ್ಲೂ ದ್ವೀಪಕ್ಕೆ ಬೋಟು ಶುರುವಾಗುತ್ತದೆ. ನನ್ನ ರಜೆಯೂ ದ್ವೀಪದ ಬಾಗಿಲೂ ಒಟ್ಟಿಗೆ ತೆರೆಯುತ್ತವೆ. ಹಾಗಾಗಿ ಅಕ್ಟೋಬರ್ ನನ್ನ ತಿಂಗಳಾಯಿತು.

ಮೊದಲ ಐದಾರು ವರ್ಷ ನಾನು ತೆಗೆದದ್ದು ಎಲ್ಲರೂ ತೆಗೆಯುವ ಚಿತ್ರಗಳನ್ನೇ. ಕಂಬದ ಸಾಲು, ಹಿಂದೆ ಸಮುದ್ರ, ಮೇಲೆ ಮೋಡ. ಇಲ್ಲಾ ತೆಂಗಿನ ಮರದ ನಡುವೆ ದೋಣಿ. ಕೆಟ್ಟ ಚಿತ್ರಗಳಲ್ಲ. ಒಂದಕ್ಕೆ ಬಹುಮಾನವೂ ಬಂತು. ಆದರೆ ತಂದು ಮೇಜಿನ ಮೇಲೆ ಹರಡಿದರೆ ಅವು ನಾನು ಕಂಡ ದ್ವೀಪದ ಹಾಗಿರಲಿಲ್ಲ. ಹತ್ತು ವರ್ಷದ ಹುಡುಗನಾಗಿ "ಯಾರು ಕೆತ್ತಿದ್ದು" ಅಂತ ಕೇಳಿದ್ದೆನಲ್ಲ, ಆ ಬೆರಗು ಒಂದರಲ್ಲೂ ಇರಲಿಲ್ಲ.

ಅದು ಬಂದಿದ್ದು ಅಮ್ಮನಿಂದ.

1996ರ ಅಕ್ಟೋಬರ್. ಹದಿನೇಳು ವರ್ಷ ದಡದಲ್ಲೇ ಕೂತಿದ್ದ ಅಮ್ಮ ಆ ವರ್ಷ ಬೋಟು ಹತ್ತಿದರು. ಸೊಸೆ ಮನೆಗೆ ಬಂದು ಆರು ತಿಂಗಳಾಗಿತ್ತು, ಅವಳು ಕೈ ಹಿಡಿದು ಹತ್ತಿಸಿದಳು. ದಾರಿಯುದ್ದಕ್ಕೂ ಅಮ್ಮ ಕಣ್ಣು ಮುಚ್ಚಿಕೊಂಡು ಏನೋ ಹೇಳಿಕೊಳ್ಳುತ್ತಿದ್ದರು. ಇಳಿದ ಮೇಲೆ ಸೀರೆಯ ಅಂಚು ಹಿಂಡಿ, ನಿಧಾನವಾಗಿ ಕಂಬಗಳ ಹತ್ತಿರ ಬಂದರು. ಅಲ್ಲಿ ಒಂದು ಕಡೆ ಕಂಬಗಳು ವಾಲಿ ಮಲಗಿದ ಹಾಗಿವೆ. ಅವುಗಳ ತುದಿ ಮಾತ್ರ ನಮ್ಮ ಕಡೆಗೆ ಕಾಣುತ್ತದೆ. ಒಂದರ ಮೇಲೊಂದು, ಒಂದರ ಪಕ್ಕ ಒಂದು. ಅಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದರು. "ಮಳೆಗಾಲಕ್ಕೆ ಸೌದೆ ಒಟ್ಟಿಟ್ಟ ಹಾಗಿದೆಯಲ್ಲೋ" ಅಂದರು.

ನಾನು ಕ್ಯಾಮೆರಾ ಇಳಿಸಿ ನೋಡಿದೆ. ಹೌದು. ನಮ್ಮ ಮನೆ ಹಿಂದಿನ ಸೌದೆ ಕೊಟ್ಟಿಗೆ! ಮೇ ತಿಂಗಳಲ್ಲಿ ಸೀಳಿ ಒಣಗಿಸಿ, ಸೂರಿನ ತನಕ ಒಟ್ಟಿ, ಒಂದು ಸೀಳೂ ಜಾರದ ಹಾಗೆ ಕೂರಿಸಿರುತ್ತಾರಲ್ಲ. ಎದುರಿಗೆ ನಿಂತರೆ ಬರೀ ತುದಿಗಳು ಕಾಣುತ್ತವೆ. ಅಮ್ಮ ಪ್ರತಿವರ್ಷ ಅದನ್ನು ತಾವೇ ನಿಂತು ಒಟ್ಟಿಸುತ್ತಿದ್ದರು. ಅವರ ಕಣ್ಣಿಗೆ ಆ ಕಲ್ಲು ಸಮುದ್ರದ ಮುಂದಿನ ದೃಶ್ಯ ಆಗಿರಲಿಲ್ಲ. ಅದೊಂದು ಕೆಲಸ ಆಗಿತ್ತು. ಯಾರೋ ಅಚ್ಚುಕಟ್ಟಾಗಿ ಮಾಡಿಟ್ಟ ಕೆಲಸ. ಅಷ್ಟಕ್ಕೇ ನಿಲ್ಲಲಿಲ್ಲ. ಹತ್ತಿರ ಹೋಗಿ ಒಂದು ಕಂಬದ ತುದಿಯನ್ನು ಅಂಗೈಯಲ್ಲಿ ಸವರಿ, ಪಕ್ಕದ ಸಂದಿನಲ್ಲಿ ಬೆರಳಿಟ್ಟು, "ಇದು ಆರು ಮೂಲೆ, ಇದು ಐದು" ಅಂತ ಎಣಿಸಿದರು. ಏಳು ಮೂಲೆಯದ್ದೂ ಒಂದು ಸಿಕ್ಕಿತು. ನಾನು ಅಷ್ಟು ವರ್ಷ ಹೋಗಿದ್ದೆ, ಎಣಿಸಿರಲಿಲ್ಲ.

ಇದು ಆವತ್ತು ತೆಗೆದ ಚಿತ್ರ. ಸಮುದ್ರ ಇಲ್ಲ, ಆಕಾಶ ಇಲ್ಲ. ಚೌಕಟ್ಟಿನ ತುಂಬ ಕಲ್ಲಿನ ತುದಿಗಳು. ಬಲಗಡೆ ಕೆಳಗೆ ಅಮ್ಮನ ಕೈ, ಎರಡು ಹಸಿರು ಬಳೆ, ತೋರುಬೆರಳು ಸಂದಿನಲ್ಲಿ. ಇದಕ್ಕೆ ಯಾವ ಬಹುಮಾನವೂ ಬರಲಿಲ್ಲ, ನಾನು ಕಳಿಸಲೂ ಇಲ್ಲ. ಆದರೆ ನನ್ನ ಪಾಲಿಗೆ ನಾನು ಫೋಟೊಗ್ರಾಫರ್ ಆಗಿದ್ದು ಈ ಚಿತ್ರದಿಂದ. ಈ ಜಾಗಕ್ಕೆ ಒಂದೇ ಸಲ ಹೋಗಿದ್ದರೆ ನನಗೆ ಇದು ಸಿಗುತ್ತಿರಲಿಲ್ಲ. ಅಮ್ಮನ ಹೆದರಿಕೆ ಹೋಗಲು ಹದಿನೇಳು ವರ್ಷ ಬೇಕಾಯಿತಲ್ಲ, ಅಲ್ಲಿವರೆಗೂ ಹೋಗುತ್ತಿದ್ದೆ, ಅದಕ್ಕೇ ಸಿಕ್ಕಿತು.

ಚಿಕ್ಕ ವಯಸ್ಸಿನವರಿಗೆ ಒಂದೆರಡು ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ. ಆ ಕಲ್ಲು ಕಪ್ಪು. ನೊರೆ ಬಿಳಿ. ಚಿಪ್ಪಿನ ದಂಡೆ ಅದಕ್ಕಿಂತ ಬಿಳಿ. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರಿಗೆ ಎಲ್ಲವನ್ನೂ ನಡುಬೂದು ಮಾಡುವ ಆಸೆ. ಬರೀ ಕಲ್ಲು ತುಂಬಿಸಿ ಮೀಟರ್ ನೋಡಿದರೆ ಕಪ್ಪು ಕಲ್ಲು ಸಿಮೆಂಟಿನ ಬಣ್ಣಕ್ಕೆ ಬರುತ್ತದೆ. ನಾನು ಒಂದು ಸ್ಟಾಪ್ ಇಳಿಸುತ್ತೇನೆ, ಅಂದರೆ ಒಳಗೆ ಬಿಡುವ ಬೆಳಕನ್ನು ಅರ್ಧ ಮಾಡುತ್ತೇನೆ, ಕೆಲವು ಸಲ ಒಂದೂವರೆ ಸ್ಟಾಪ್. ಚಿಪ್ಪಿನ ದಂಡೆಗೆ ಇದರ ಉಲ್ಟಾ, ಏರಿಸಬೇಕು. ಎರಡೂ ಒಂದೇ ಚೌಕಟ್ಟಿನಲ್ಲಿ ಬೇಕು ಅಂದರೆ ಡಿಜಿಟಲ್‌ನಲ್ಲಿ ನೊರೆಯನ್ನು ಉಳಿಸಿಕೊಳ್ಳಿ. ಹೋದ ಬಿಳಿ ವಾಪಸು ಬರುವುದಿಲ್ಲ.

ಬೆಳಗ್ಗೆ ಪಶ್ಚಿಮದ ಮುಖ ನೆರಳಲ್ಲಿರುತ್ತದೆ. ಮೂರು ಗಂಟೆ ದಾಟಿದ ಮೇಲೆ ಬಿಸಿಲು ಓರೆಯಾಗಿ ಬಂದು ಒಂದೊಂದು ಮೂಲೆಯನ್ನೂ ಬಿಡಿಸಿ ತೋರಿಸುತ್ತದೆ. ಆಗಲೇ ಬೋಟಿನವರು ಕರೆಯಲು ಶುರು ಮಾಡುತ್ತಾರೆ. ರಾತ್ರಿ ಅಲ್ಲಿ ಉಳಿಯುವ ಹಾಗಿಲ್ಲ. ಹಾಗಾಗಿ ಅಲ್ಲಿನ ಬೆಳಗಿನ ಮೊದಲ ಬೆಳಕನ್ನು ನಾನು ಇಷ್ಟು ವರ್ಷದಲ್ಲಿ ಒಂದು ಸಲವೂ ಕಂಡಿಲ್ಲ. ಕಾಣದೆ ಇರುವುದು ಒಂದು ಉಳಿದಿದೆ ಅನ್ನುವುದೂ ನನಗೆ ಇಷ್ಟವೇ.

ಅಲೆ ಬಡಿಯುವಾಗ ಎಲ್ಲರೂ ಬಟನ್ ಒತ್ತುತ್ತಾರೆ. ನೀವು ಅಲೆ ವಾಪಸು ಹೋಗುವಾಗ ಒತ್ತಿ ನೋಡಿ. ಶಟರ್ ಕಾಲು ಸೆಕೆಂಡು ತೆರೆದಿಟ್ಟರೆ ಸಾಕು, ಕ್ಯಾಮೆರಾ ಸ್ಟ್ಯಾಂಡ್ ಮೇಲಿರಲಿ. ನೀರು ಕಂಬಗಳ ಸಂದಿನಲ್ಲಿ ಇಳಿದು ಹೋಗುತ್ತದೆ, ಸಂದುಗಳೆಲ್ಲ ಬಿಳಿ ಗೆರೆ ಆಗುತ್ತವೆ. ಆರು ಮೂಲೆ ಐದು ಮೂಲೆಗಳನ್ನು ನೀರೇ ಬರೆದು ಕೊಡುತ್ತದೆ.

ಆದರೆ ಕಡಲಿಗೆ ಬೆನ್ನು ಹಾಕಬೇಡಿ. ಇದನ್ನು ಕೈ ಮುಗಿದು ಹೇಳುತ್ತೇನೆ. 1988ರಲ್ಲಿ ನಾನು ಹಾಗೆ ಬೆನ್ನು ಹಾಕಿ ನಿಂತು ಗೆಳೆಯರ ಗುಂಪಿನ ಫೋಟೊ ತೆಗೆಯುತ್ತಿದ್ದೆ. ಹಿಂದಿನಿಂದ ಬಂದ ಅಲೆ ಸೊಂಟದ ತನಕ ಹೊಡೆದು ಕೆಡವಿತು. ಮಂಡಿ ಒಡೆಯಿತು, ಸ್ಟುಡಿಯೊದಿಂದ ತಂದಿದ್ದ ಕ್ಯಾಮೆರಾ ಉಪ್ಪು ನೀರು ಕುಡಿದು ಸತ್ತಿತು. ಬೋಟಿನ ಹುಡುಗನೊಬ್ಬ ಅಂಗಿ ಹಿಡಿದು ಎಳೆಯದೆ ಹೋಗಿದ್ದರೆ ನಾನು ಇವತ್ತು ಇಲ್ಲಿ ನಿಲ್ಲುತ್ತಿರಲಿಲ್ಲ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸಕ್ಕೆ ಬಂದಿದ್ದ ವಿದ್ಯಾರ್ಥಿಗಳು ಅಲ್ಲೇ ನೀರು ಪಾಲಾದರು. ಓದುವ ಮಕ್ಕಳು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಪಾಚಿ ಕಟ್ಟಿದ ಕಲ್ಲು ಜಾರುತ್ತದೆ, ಅಲೆ ಹೇಳಿ ಬರುವುದಿಲ್ಲ. ಕಾವಲಿನವರು ಸೀಟಿ ಊದಿದರೆ ಚಿತ್ರ ಬಿಟ್ಟು ಬನ್ನಿ. ಮದುಮಕ್ಕಳನ್ನು ಅಂಚಿನಲ್ಲಿ ನಿಲ್ಲಿಸುವವರಿಗೆ ಇದನ್ನು ಇನ್ನೊಂದು ಸಲ ಹೇಳುತ್ತೇನೆ. ಅವರು ನಿಮ್ಮ ಮಾತು ನಂಬಿ ನಿಲ್ಲುತ್ತಾರೆ.

ಮನೆಗೆ ಬಂದ ಮೇಲೆ ಬಟ್ಟೆಯನ್ನು ಸಿಹಿ ನೀರಲ್ಲಿ ಅದ್ದಿ ಹಿಂಡಿ, ಅದರಲ್ಲಿ ಕ್ಯಾಮೆರಾ, ಸ್ಟ್ಯಾಂಡ್ ಎಲ್ಲ ಒರೆಸಿ. ಉಪ್ಪು ಒಣಗಿದರೆ ಕಾಣುವುದಿಲ್ಲ, ಆದರೆ ತಿನ್ನುತ್ತಿರುತ್ತದೆ. ಲೆನ್ಸಿಗೆ ಫಂಗಸ್ ಬರುವ ಕಷ್ಟ ನಮ್ಮ ತೀರ್ಥಹಳ್ಳಿ, ಆಗುಂಬೆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಮುಚ್ಚಳ ಬಿಗಿ ಇರುವ ಡಬ್ಬ, ಒಳಗೆ ಸಿಲಿಕಾ ಜೆಲ್. ಅದು ಬಣ್ಣ ತಿರುಗಿದರೆ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಹಾಕಿ. ನಾನು ಈಗಲೂ ಅಷ್ಟೇ ಮಾಡುವುದು.

ಈಗ ನಾನು ಬಹಳ ಜೋಪಾನ ಮಾಡಿಟ್ಟಿರುವ ಕೆಲಸ ತೋರಿಸುತ್ತೇನೆ.

ಅಮ್ಮ ಎಣಿಸಿದ ಮೇಲೆ ನನಗೂ ಹತ್ತಿರದಿಂದ ನೋಡುವ ಅಭ್ಯಾಸ ಬಂತು. ಎರಡು ಮೂರು ವರ್ಷ ಹೋಗುವಷ್ಟರಲ್ಲಿ ಒಂದು ವಿಷಯ ಗೊತ್ತಾಯಿತು. ಕಲ್ಲು ಹೋದ ವರ್ಷ ಹೇಗಿತ್ತೋ ಹಾಗೇ ಇರುತ್ತದೆ. ಆದರೆ ಚಿಪ್ಪಿನ ದಂಡೆ ಪ್ರತಿ ಅಕ್ಟೋಬರ್‌ನಲ್ಲೂ ಬೇರೆ. ನಾಲ್ಕು ತಿಂಗಳ ಕಡಲು ಅದನ್ನು ಎತ್ತಿ ಇನ್ನೊಂದು ಕಡೆ ಹಾಕಿರುತ್ತದೆ. ಒಂದು ವರ್ಷ ದಿಬ್ಬ, ಮರುವರ್ಷ ಅದೇ ಜಾಗದಲ್ಲಿ ಹಳ್ಳ. ಒಂದು ವರ್ಷ ನುಣ್ಣಗೆ ಪುಡಿ, ಇನ್ನೊಂದು ವರ್ಷ ಬೆರಳಿನಷ್ಟು ದೊಡ್ಡ ಇಡೀ ಚಿಪ್ಪುಗಳು.

1999ರಲ್ಲಿ ನಾನು ಒಂದು ಕಂಬ ಆರಿಸಿಕೊಂಡೆ. ಐದು ಮೂಲೆಯದು, ಅರ್ಧಕ್ಕೆ ಮುರಿದದ್ದು, ಮೇಲೆ ಅಡ್ಡ ಬಿರುಕಿದೆ. ಅದರ ಮೇಲೆ ಸ್ಟ್ಯಾಂಡ್ ಇಟ್ಟು, 50 ಎಂಎಂ ಲೆನ್ಸಿನಲ್ಲಿ, ದಂಡೆಯ ಕಡೆಗೆ ಒಂದು ಚಿತ್ರ. ಮುಂದಿನ ವರ್ಷ ಅದೇ ಕಂಬ, ಅದೇ ಲೆನ್ಸು, ಇಳಿತದ ಹೊತ್ತು ನೋಡಿಕೊಂಡು. ಅಲ್ಲಿಂದ ಪ್ರತಿ ವರ್ಷ. 2020ರಲ್ಲಿ ಹೋಗಲು ಆಗಲಿಲ್ಲ, ಆ ಜಾಗ ಖಾಲಿ ಬಿಟ್ಟಿದ್ದೇನೆ. ಫಿಲ್ಮು ಹೋಗಿ ಡಿಜಿಟಲ್ ಬಂತು, ಚಿತ್ರದ ಬಣ್ಣ ಬದಲಾಯಿತು, ನಿಲ್ಲುವ ಜಾಗ ಬದಲಾಗಲಿಲ್ಲ. ಒಂದು ವರ್ಷದ್ದು ಮಾತ್ರ ಹಾಳಾಗಿದೆ. ತೊಳೆಯಲು ಕೊಟ್ಟಿದ್ದ ಲ್ಯಾಬಿನಲ್ಲಿ ಕೆಮಿಕಲ್ ಕೆಟ್ಟಿತ್ತು, ಇಡೀ ರೋಲು ಮಬ್ಬಾಗಿ ಬಂತು. ಅದನ್ನೂ ಬಿಸಾಡಿಲ್ಲ. ಮಬ್ಬಿನಲ್ಲೂ ದಂಡೆಯ ಗೆರೆ ಕಾಣುತ್ತದೆ.

ಒಂದಾದ ಮೇಲೆ ಒಂದು ನಿಧಾನವಾಗಿ ಹಾಕುತ್ತೇನೆ, ನೋಡಿ. ಕಪ್ಪು ಕಲ್ಲು ಕದಲುವುದಿಲ್ಲ. ಬಿಳಿ ದಂಡೆ ಉಸಿರಾಡಿದ ಹಾಗೆ ಉಬ್ಬುತ್ತದೆ, ಇಳಿಯುತ್ತದೆ, ಆಚೆ ಸರಿಯುತ್ತದೆ, ಈಚೆ ಬರುತ್ತದೆ. ಇದನ್ನು ಮಲ್ಪೆಯ ಒಬ್ಬರು ಹಿರಿಯ ತಾಂಡೇಲರಿಗೆ ತೋರಿಸಿದ್ದೆ. ಅವರು ಎರಡು ಸಲ ನೋಡಿದರು. ಒಂದು ವರ್ಷದ ಚಿತ್ರ ಬಂದಾಗ ನಿಲ್ಲಿಸಲು ಹೇಳಿ, "ಈ ವರ್ಷ ಗಾಳಿ ಜಾಸ್ತಿ ದಿನ ಇತ್ತು. ಬೋಟು ಇಳಿಸಲು ತಡವಾಗಿತ್ತು" ಅಂದರು. ನನಗೆ ಚಿಪ್ಪಿನ ದಂಡೆ ಕಂಡ ಕಡೆ ಅವರಿಗೆ ಗಾಳಿ ಕಂಡಿತು. ಅಲ್ಲಿಂದ ನನಗೆ ಆ ನಾಲ್ಕು ತಿಂಗಳ ಮೇಲೆ ಪ್ರೀತಿ ಬಂತು. ಮೊದಲೆಲ್ಲ ಯಾವಾಗ ತೆರೆಯುತ್ತಾರೋ ಅಂತ ಚಡಪಡಿಸುತ್ತಿದ್ದೆ. ಈಗ ಇಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ರಜೆ, ಮೀನು ಮರಿ ಮಾಡುವ ಕಾಲ. ಬೋಟುಗಳೆಲ್ಲ ಬಂದರಿನಲ್ಲಿ ಒಂದಕ್ಕೊಂದು ಒರಗಿಕೊಂಡು ನಿಂತಿರುತ್ತವೆ. ಶ್ರಾವಣದ ನೂಲು ಹುಣ್ಣಿಮೆಗೆ ಮೊಗವೀರರು ವಡಭಾಂಡೇಶ್ವರದ ಹತ್ತಿರ ಕಡಲಿಗೆ ಹಾಲೆರೆದು ಪೂಜೆ ಮಾಡುತ್ತಾರೆ. ಆ ಹೊತ್ತಿನಲ್ಲಿ ದ್ವೀಪ ತನ್ನ ಪಾಡಿಗೆ ತಾನು ದಂಡೆ ಕಟ್ಟಿಕೊಳ್ಳುತ್ತಿರುತ್ತದೆ.

ಬಾಟ್ಲಿಯ ವಿಷಯ ಹೇಳುತ್ತೇನೆ ಅಂದಿದ್ದೆ.

ದ್ವೀಪದಿಂದ ಕಲ್ಲು, ಚಿಪ್ಪು ತರಬಾರದು. ದಿನಕ್ಕೆ ನೂರಾರು ಜನ ಹೋಗುವ ಜಾಗ. ಒಬ್ಬೊಬ್ಬರು ಒಂದೊಂದು ಹಿಡಿ ತಂದರೆ ಲೆಕ್ಕ ನೀವೇ ಹಾಕಿ. 1979ರಲ್ಲಿ ಅಪ್ಪನಿಗಾಗಲಿ ನನಗಾಗಲಿ ಅದು ತಪ್ಪು ಅಂತ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಆ ಬಾಟ್ಲಿ ನೋಡಿದಾಗೆಲ್ಲ ನನಗೆ ಮನಸ್ಸಿಗೆ ಚುಚ್ಚುತ್ತಿತ್ತು. ಅಪ್ಪನ ಹತ್ತಿರ ಹೇಳಲು ಆಗುತ್ತಿರಲಿಲ್ಲ. ಮನೆಗೆ ಬಂದವರಿಗೆಲ್ಲ ಅವರು ಅದನ್ನು ತೆಗೆದು ತೋರಿಸುತ್ತಿದ್ದರು. ಮುಚ್ಚಳ ತೆಗೆದು "ಮೂಸಿ ನೋಡಿ, ಇನ್ನೂ ಕಡಲ ವಾಸನೆ ಇದೆ" ಅನ್ನುತ್ತಿದ್ದರು. ಮಂಡಿಯ ಲೆಕ್ಕ, ಸಂಸಾರ, ತಂಗಿ ಮದುವೆ ಅಂತ ಆಮೇಲೆ ಅವರಿಗೆ ಇನ್ನೊಂದು ಸಲ ದ್ವೀಪಕ್ಕೆ ಹೋಗಲು ಆಗಲೇ ಇಲ್ಲ.

2006ರ ಮಳೆಗಾಲದಲ್ಲಿ ಅಪ್ಪ ತೀರಿಕೊಂಡರು. ಅಕ್ಟೋಬರ್‌ನಲ್ಲಿ ನಾನು ಬ್ಯಾಗು ತುಂಬಿಸುತ್ತಿದ್ದಾಗ ಅಮ್ಮ ಷೋಕೇಸಿನಿಂದ ಬಾಟ್ಲಿ ತೆಗೆದು, ಸೆರಗಿನಲ್ಲಿ ಧೂಳು ಒರೆಸಿ ಕೊಟ್ಟರು. "ನಾನೂ ಬರ್ತೀನಿ" ಅಂದರು. ಮಿನಿ ಬಸ್ಸಿನಲ್ಲಿ ಹದಿನಾಲ್ಕು ತಿರುವಿನ ಘಾಟಿ ಇಳಿಯುವಾಗ ಬಾಟ್ಲಿ ಅವರ ಮಡಿಲಲ್ಲೇ ಇತ್ತು. ಬೋಟಿನಲ್ಲಿ ಈ ಸಲ ಕಣ್ಣು ಮುಚ್ಚಲಿಲ್ಲ.

ಐದು ಮೂಲೆಯ ಕಂಬದ ಮೇಲೆ ನಾನು ಸ್ಟ್ಯಾಂಡ್ ಇಟ್ಟೆ. ಅಮ್ಮ ಕೆಳಗೆ ದಂಡೆಯಲ್ಲಿ ಬಗ್ಗಿ ಬಾಟ್ಲಿ ಸುರಿದರು. ಒಂದು ಸಣ್ಣ ಗುಪ್ಪೆ ಆಯಿತು. ಷೋಕೇಸಿನಲ್ಲಿದ್ದವು ಸ್ವಲ್ಪ ಹಳದಿಗೆ ತಿರುಗಿದ್ದವು, ದಂಡೆಯವು ಬೆಳ್ಳಗಿದ್ದವು. ಹಾಗಾಗಿ ಈ ಚಿತ್ರದಲ್ಲಿ ಅದು ಬೇರೆಯಾಗಿ ಕಾಣುತ್ತದೆ. ಇಲ್ಲಿ, ಅಮ್ಮನ ಕಾಲಿನ ಪಕ್ಕ.

ಇದು ಮಾರನೇ ವರ್ಷದ ಚಿತ್ರ, 2007. ಅಮ್ಮ ಇಲ್ಲ, ಗುಪ್ಪೆಯೂ ಇಲ್ಲ. ದಂಡೆ ಎಡಗಡೆಗೆ ಸುಮಾರು ಹತ್ತು ಅಡಿ ಸರಿದಿದೆ. ನಾನು ಮಂಡಿಯೂರಿ ಹುಡುಕಿದೆ, ಹಳದಿ ಬಣ್ಣದ್ದು ಒಂದೂ ಕಾಣಲಿಲ್ಲ. ಬಿಸಿಲಿಗೆ ಬಿಳುಪಾಗಿರಬೇಕು, ಪುಡಿಯಾಗಿರಬೇಕು, ಕಡಲಿಗೆ ಇಳಿದಿರಬೇಕು. ಈ ಬಿಳಿ ಗೆರೆಯಲ್ಲಿ ಎಲ್ಲೋ ಇವೆ. ಮನೆಗೆ ಬಂದು ಅಮ್ಮನಿಗೆ ಎರಡೂ ಪ್ರಿಂಟು ಪಕ್ಕ ಪಕ್ಕ ಇಟ್ಟು ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ಕಲೆತು ಹೋಗಿದೆ" ಅಂದರು.

ಈ ವರ್ಷವೂ ಬೋಟು ಶುರುವಾದ ವಾರವೇ ಹೋಗುತ್ತೇನೆ. ತೀರ್ಥಹಳ್ಳಿಯಿಂದ ಬೆಳಗ್ಗೆ ಹೊರಟರೆ ಹನ್ನೊಂದರ ಒಳಗೆ ಮಲ್ಪೆಯಲ್ಲಿರಬಹುದು. ಬರುವವರು ಹೆಸರು ಕೊಡಿ, ಒಂದು ಗಾಡಿ ಮಾಡೋಣ. 50 ಎಂಎಂ ಲೆನ್ಸು ಇದ್ದರೆ ತನ್ನಿ. ಆ ಕಂಬ ಯಾವುದು ಅಂತ ತೋರಿಸುತ್ತೇನೆ. ನನಗೆ ಬೋಟು ಹತ್ತಲು ಆಗದ ಕಾಲ ಬಂದಾಗ ಅಲ್ಲಿ ನಿಂತು ಅಕ್ಟೋಬರ್‌ನ ಒಂದು ಚಿತ್ರ ತೆಗೆಯಲು ಯಾರಾದರೂ ಬೇಕು.